ಹೆಸರು ಹಿಡಿದು ಕರೆದರೆ ಓಗೊಡುವ ಅರೇ

ಪ್ರಶ್ನೆ: ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ವಾರ್ಷಿಕ ಮಳೆ ಲೆಕ್ಕವನ್ನು ನಮ್‌ಪೈ (ಪೈಥಾನ್ ಭಾಷೆಯಲ್ಲಿ ಅಂಕಿ ಲೆಕ್ಕಕ್ಕಿರುವ ಲೈಬ್ರರಿ) ಅರೇಯಲ್ಲಿಟ್ಟು, ಎಂದರೆ ಅಂಕಿಗಳ ಕೋಷ್ಟಕದಲ್ಲಿಟ್ಟು, ಅದರ ಮೇಲೊಂದು ಪುಟ್ಟ ಲೈಬ್ರರಿ (ಬೇರೆ ಪ್ರೋಗ್ರಾಂಗಳೂ ಬಳಸಬಲ್ಲ ಕೋಡ್) ಬರೆಯುತ್ತಿದ್ದೇನೆ. ತಾಲ್ಲೂಕುಗಳ ಲೇಬಲ್ 1ರಿಂದ 7. ಮಳೆ[2] ಎಂದರೆ 2 ಎಂಬ ಲೇಬಲ್ ಹುಡುಕಬೇಕು, ಇಲ್ಲದಿದ್ದರೆ 2 ಎಂಬ ಸ್ಥಾನದ್ದನ್ನು ಕೊಡಬೇಕು ಎಂದುಕೊಂಡಿದ್ದೇನೆ. ಸರಿಯೇ?
– ಓದುಗರು, ಮಂಡ್ಯ

ಉತ್ತರ: ಬೇಡ. ಆ ‘ಇಲ್ಲದಿದ್ದರೆ’ಯೇ ಮುಂದೆ ಕಾಡುವುದು. ಮಾಹಿತಿ ಅಪೂರ್ಣವೆಂದು ಯಾರೋ 2ನೇ ತಾಲ್ಲೂಕನ್ನು ತೆಗೆದರು ಎನ್ನಿ. ಉಳಿದದ್ದು 1, 3, 4, 5, 6, 7. ಸ್ಥಾನದ ಎಣಿಕೆ ಸೊನ್ನೆಯಿಂದ, ಹಾಗಾಗಿ ಮಳೆ[2] ಈಗ ತುಟಿಪಿಟಕ್ಕೆನ್ನದೆ 4ನೇ ತಾಲ್ಲೂಕಿನ ಮಳೆ ಕೊಡುತ್ತದೆ. ಎರರ್ ಬಂದಿದ್ದರೆ ಒಳ್ಳೆಯದಿತ್ತು! ಕೋಷ್ಟಕಗಳಿಗೆಂದೇ ಇರುವ ಪೈಥಾನ್ ಲೈಬ್ರರಿ ಪಾಂಡಾಸ್‌ನ ‘ಐಎಕ್ಸ್’ ಇದೇ ಹಾದಿ ಹಿಡಿದಿತ್ತು: ಲೇಬಲ್ ಅಂಕಿಯಾದರೆ ಒಂದು ಅರ್ಥ, ಪದವಾದರೆ ಇನ್ನೊಂದು. 2017ರಲ್ಲಿ ಅದನ್ನು ಬಳಸಬೇಡಿ ಎಂದರು, 2020ರ 1.0 ಆವೃತ್ತಿಯಲ್ಲಿ ಕಿತ್ತೇ ಹಾಕಿದರು. ನೀವೂ ಪಾಂಡಾಸ್‌ನಲ್ಲಿರುವಂತೆ ಲೇಬಲ್‌ಗೆ ‘ಲೋಕ್’, ಸ್ಥಾನಕ್ಕೆ ‘ಐಲೋಕ್’ ಎಂಬಂತೆ ಎರಡು ಬಾಗಿಲು ಇಡಿ. ಒಂದರಲ್ಲಿ ಸಿಗದ್ದನ್ನು ಇನ್ನೊಂದರಲ್ಲಿ ಹುಡುಕಬೇಡಿ.

ಒಳಗಿನ ಕೆಲಸ ಇಷ್ಟೇ: ಪ್ರತಿ ಆಯಾಮಕ್ಕೂ (ಇಲ್ಲಿ ತಾಲ್ಲೂಕು ಒಂದು, ವರ್ಷ ಇನ್ನೊಂದು) ಲೇಬಲ್‌ನಿಂದ ಸ್ಥಾನಕ್ಕೆ ಒಂದು ಡಿಕ್ಷನರಿ, ಎಂದರೆ ಕೀ ಕೊಟ್ಟರೆ ಅದರ ಬೆಲೆ ಹೇಳುವ ಪೈಥಾನ್ ಪಟ್ಟಿ. ಒಂದೇ ಲೇಬಲ್ ಕೇಳಿದರೆ ಒಂದು ಅಂಕಿ ವಾಪಸ್ಸು, ಆ ಆಯಾಮ ಬಿದ್ದುಹೋಗುತ್ತದೆ. ಲೇಬಲ್‌ಗಳ ಪಟ್ಟಿ ಕೊಟ್ಟರೆ, ಅದರಲ್ಲಿರುವುದು ಒಂದೇ ಆದರೂ, ಆಯಾಮ ಉಳಿಯಬೇಕು. ‘2015ರಿಂದ 2020’ ಎಂದು ಕೇಳಿದವರಿಗೆ 2020 ಸೇರಿಸಿಯೇ ಕೊಡಿ. ಸ್ಥಾನದ ಸ್ಲೈಸ್‌ನಲ್ಲಿ (ಇಲ್ಲಿಂದ ಇಲ್ಲಿಯವರೆಗೆ ಎಂದು ಕತ್ತರಿಸಿ ಕೊಡುವ ತುಂಡು) ಕೊನೆಯದು ಬಿಡುವ ರೂಢಿ ಇಲ್ಲಿ ನಡೆಯದು, ಕಡೆಯ ಲೇಬಲ್‌ನ ಮುಂದಿನದು ಯಾವುದೆಂದು ಕೇಳುವವರಿಗೆ ಗೊತ್ತಿರಬೇಕೆಂದಿಲ್ಲ. ಆ ಸ್ಲೈಸನ್ನು ಸ್ಥಾನಗಳ ಸ್ಲೈಸ್ ಆಗಿಯೇ ನಮ್‌ಪೈಗೆ ದಾಟಿಸಿ, ಪಟ್ಟಿ ಮಾಡಿದರೆ ಆಯ್ದ ಡೇಟಾ ಪೂರ್ತಿ ನಕಲಾಗುತ್ತದೆ.

ಇನ್ನೊಂದು ಗುಂಡಿ: ಎರಡು ತಾಲ್ಲೂಕು, ಎರಡು ವರ್ಷದ ಪಟ್ಟಿಗಳನ್ನು ನೇರ ನಮ್‌ಪೈಗೆ ಕೊಟ್ಟರೆ ಜೋಡಿ ಜೋಡಿಯಾಗಿ ಎತ್ತಿ ಎರಡೇ ಅಂಕಿ ಕೊಡುತ್ತದೆ. ನಿಮಗೆ ಬೇಕಾದದ್ದು ನಾಲ್ಕು. ಮೂರು ತಾಲ್ಲೂಕು, ನಾಲ್ಕು ವರ್ಷವಾದರೆ ಎರರ್ ಬರುತ್ತದೆ, ಅದು ಪುಣ್ಯ. ನಮ್‌ಪೈನ ‘ಐಎಕ್ಸ್_’ ಮೂಲಕ ಹಾಯಿಸಿ (ಕೊನೆಯಲ್ಲಿ ಅಂಡರ್‌ಸ್ಕೋರ್ ಇದೆ, ಮೇಲೆ ಹೇಳಿದ ಐಎಕ್ಸ್‌ಗೂ ಇದಕ್ಕೂ ನೆಂಟಸ್ತಿಕೆಯಿಲ್ಲ).

ಪ್ರಶ್ನೆ: ಲೇಬಲ್ ಕನ್ನಡದಲ್ಲಿಟ್ಟಿದ್ದೇನೆ. ‘ಕೆ.ಆರ್. ಪೇಟೆ’ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದೆ, ಪ್ರೋಗ್ರಾಂ ಮಾತ್ರ ಇಲ್ಲ ಎನ್ನುತ್ತದೆ.
– ಓದುಗರು, ಪಾಂಡವಪುರ

ಉತ್ತರ: ಅಕ್ಷರ ಒಂದೇ, ಒಳಗಿನ ಕೋಡ್ ಬೇರೆ. ‘ಪೇ’ಯ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಲೇಬಲ್ ಸೇರಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಕೋಡ್‌ಗಳನ್ನು ಒಂದಾಗಿ ಬೆಸೆಯುವ ಯೂನಿಕೋಡ್‌ನ ಪ್ರಮಾಣಿತ ರೂಪ) ತಂದರೆ ಇದು ತೀರುತ್ತದೆ. ‘ಆರ್’ನ ಅರ್ಧಾಕ್ಷರದ ಬೆನ್ನಿಗೆ ಕೀಬೋರ್ಡ್ ಸೇರಿಸಿಬಿಡುವ, ಅಗಲವೇ ಇಲ್ಲದ ಝಡ್‌ಡಬ್ಲ್ಯುಎನ್‌ಜೆ ಎಂಬ ಕಣ್ಣಿಗೆ ಕಾಣದ ಕೋಡ್ ಮಾತ್ರ ಎನ್‌ಎಫ್‌ಸಿಗೆ ಜಗ್ಗುವುದಿಲ್ಲ. ಅದನ್ನು ಡಿಕ್ಷನರಿಯಲ್ಲಿ ಹುಡುಕಲು ಬಳಸುವ ಕೀಯಲ್ಲಿ ಮಾತ್ರ ತೆಗೆಯಿರಿ, ತೋರಿಸುವ ಲೇಬಲ್‌ನಲ್ಲಿ ಹಾಗೇ ಇರಲಿ. ಹೀಗೆ ಶುದ್ಧಮಾಡಿದ ಮೇಲೆ ಎರಡು ಲೇಬಲ್ ಒಂದೇ ಆಗಿಬಿಟ್ಟರೆ ಅರೇ ಕಟ್ಟುವಾಗಲೇ ಎರರ್ ಕೊಡಿ. ಡಿಕ್ಷನರಿಯಂತೂ ಹಳೆಯದರ ಮೇಲೆ ಹೊಸದನ್ನು ಬರೆದು ಸುಮ್ಮನಾಗುತ್ತದೆ.

ಪ್ರಶ್ನೆ: ಕೆಆರ್‌ಎಸ್ ನೀರಿನ ಮಟ್ಟವೇ ಲೇಬಲ್, ನೀರಿನ ಸಂಗ್ರಹ ಅದರ ಬೆಲೆ. 124.80 ಅಡಿ ಕೇಳಿದರೆ ಒಮ್ಮೊಮ್ಮೆ ಸಿಗುವುದಿಲ್ಲವೇಕೆ?
– ಓದುಗರು, ಮೈಸೂರು

ಉತ್ತರ: ಮಟ್ಟಗಳನ್ನು 0.01 ಕೂಡಿಸುತ್ತಾ ತಯಾರಿಸಿರುತ್ತೀರಿ. ಬೈನರಿಯಲ್ಲಿ 0.01 ನಿಖರವಾಗಿ ಕೂರದು, ಕೂಡಿಸಿದಷ್ಟೂ ಚೂರುಪಾರು ವ್ಯತ್ಯಾಸ ಬೆಳೆಯುತ್ತದೆ. ಅಡಿಯ ನೂರನೇ ಭಾಗವನ್ನು ಪೂರ್ಣಾಂಕ ಮಾಡಿ 12480 ಎಂದಿಡುವುದು ವಾಸಿ. ‘ಹತ್ತಿರದ್ದು ಕೊಡು’ ಎಂಬ ಸೌಲಭ್ಯ ಇಡುವುದಾದರೆ ಮಿತಿಯನ್ನೂ ಕಡ್ಡಾಯ ಮಾಡಿ, 0.005 ಅಡಿ ಸಾಕು. ಮಿತಿ ಇಲ್ಲದಿದ್ದರೆ ಕೈತಪ್ಪಿ 142.80 ಒತ್ತಿದವರಿಗೂ 124.80ರ 49.45 ಟಿಎಂಸಿಯೇ ಉತ್ತರವಾಗಿ ಬರುತ್ತದೆ.