ಟ್ಯಾಂಕ್ ದೊಡ್ಡದಾದರೆ ಶವರ್ ಜೋರಾಗುತ್ತದೆಯೇ?

ಪ್ರಶ್ನೆ: ನಮ್ಮದು ಎರಡಂತಸ್ತಿನ ಮನೆ. ತಾರಸಿಯಲ್ಲಿ 500 ಲೀಟರ್ ಟ್ಯಾಂಕ್ ಇದೆ. ಕೆಳಮನೆಯಲ್ಲಿ ನೀರು ರಭಸವಾಗಿ ಬರುತ್ತದೆ, ಮೇಲಿನ ಬಚ್ಚಲಲ್ಲಿ ಶವರ್ ತೊಟ್ಟಿಕ್ಕುತ್ತದೆ. 1000 ಲೀಟರಿನದು ಇಟ್ಟರೆ ಸರಿಹೋಗುತ್ತದಂತೆ. ಹಾಕಿಸಬಹುದೇ?

ಉತ್ತರ: ಶವರ್ ಸಲುವಾಗಿ ಆದರೆ ಬೇಡ. ನೀರಿನ ಒತ್ತಡಕ್ಕೆ ಲೀಟರಿನ ಲೆಕ್ಕವಿಲ್ಲ, ಎತ್ತರದ ಲೆಕ್ಕ ಮಾತ್ರ. ಟ್ಯಾಂಕಿನ ನೀರಿನ ಮಟ್ಟ ಶವರ್‌ಗಿಂತ ಎಷ್ಟು ಮೀಟರ್ ಮೇಲಿದೆಯೋ ಅಷ್ಟು ಸಲ 9,800 ಪಾಸ್ಕಲ್ (ಒತ್ತಡದ ಅಳತೆ). ಪ್ಲಂಬರ್ ಭಾಷೆಯಲ್ಲಿ 10 ಮೀಟರಿಗೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ನಿಮ್ಮ ಮೇಲಿನ ಶವರ್‌ಗೆ ಸಿಗುವುದು ಹೆಚ್ಚೆಂದರೆ 2 ಮೀಟರ್, ಕೆಳಗಿನದಕ್ಕೆ 5. ಹೊಸ ಟ್ಯಾಂಕ್ ಗಿಡ್ಡಗೆ ಅಗಲವಾಗಿದ್ದರೆ ಈಗಿರುವುದೂ ಕಡಿಮೆಯಾದೀತು!

ಮೊದಲು ಶವರ್ ತಲೆಯನ್ನು ಬಿಚ್ಚಿ ನೋಡಿ. ಬರಿಯ ಪೈಪಿನಲ್ಲಿ ನೀರು ಚೆನ್ನಾಗಿ ಬಂದರೆ ರಂಧ್ರಗಳಲ್ಲಿ ಸುಣ್ಣ ಕಟ್ಟಿದೆ. ಆಗಲೂ ಸಣ್ಣಗೆ ಬಂದರೆ ತಾರಸಿಯ ಪೈಪನ್ನು ಗಮನಿಸಿ: ಎಲ್ಲಾದರೂ ಮೇಲೆ ಹತ್ತಿ ಇಳಿದಿದ್ದರೆ ಆ ಗೂನಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. 2 ಮೀಟರಿನ ಒತ್ತಡಕ್ಕೆ ಅದನ್ನು ತಳ್ಳುವ ಶಕ್ತಿ ಸಾಲದು. ಅರ್ಧ ಇಂಚಿನ ಪೈಪು, ಹೆಜ್ಜೆಹೆಜ್ಜೆಗೆ ಎಲ್ಬೋ (ಪೈಪಿನ ತಿರುವು) ಇದ್ದರೂ ಇದೇ ಪಾಡು. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತೆರೆದು ನೀರು ಹರಿದೊಡನೆ ಘರ್ಷಣೆ ಅದನ್ನು ತಿನ್ನುತ್ತದೆ. ಮುಕ್ಕಾಲು ಅಥವಾ ಒಂದು ಇಂಚಿನದು ಹಾಕಿಸಿ.

ಇದೆಲ್ಲ ಆದಮೇಲೂ ಸಾಲದಿದ್ದರೆ ಟ್ಯಾಂಕನ್ನು ಒಂದೂವರೆ ಮೀಟರ್ ಸ್ಟ್ಯಾಂಡ್ ಮೇಲೆ ಏರಿಸಿ. ಇಲ್ಲಿ ಘನವಸ್ತುಗಳ ಒತ್ತಡ ಬರುತ್ತದೆ. ತುಂಬಿದ ಟ್ಯಾಂಕ್ 500 ಕೆ.ಜಿ., ನಾಲ್ಕು ಕಾಲಿಗೆ ತಲಾ 125. 50 ಮಿ.ಮೀ. ಆಂಗಲ್‌ನ (L ಆಕಾರದ ಕಬ್ಬಿಣದ ಪಟ್ಟಿ) ತುದಿ 5 ಮಿ.ಮೀ. ದಪ್ಪದ್ದಾದರೆ ಅದರ ವಿಸ್ತೀರ್ಣ 5 ಚದರ ಸೆಂಟಿಮೀಟರೂ ಇಲ್ಲ. ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 25 ಕೆ.ಜಿ.ಗೂ ಹೆಚ್ಚು. ತಾರಸಿಯ ವಾಟರ್‌ಪ್ರೂಫಿಂಗ್ ಪದರ ಅಲ್ಲೇ ಕಿತ್ತು, ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಕಾಲಿನಡಿ 25 ಸೆಂ.ಮೀ. ಚೌಕದ ಪ್ಲೇಟ್ ಕೊಟ್ಟರೆ ಚದರ ಸೆಂಟಿಮೀಟರಿನ ಮೇಲೆ ಬೀಳುವುದು 0.2 ಕೆ.ಜಿ.ಗೆ ಇಳಿಯುತ್ತದೆ. ಪ್ಲೇಟ್ ತೆಳ್ಳಗಿದ್ದರೆ ಬಾಗಿ, ಕಾಲಿನ ಕೆಳಗಿನ ಭಾಗವಷ್ಟೇ ಹೊರೆ ಹೊರುತ್ತದೆ, ಹಾಕಿದ್ದು ದಂಡ. ಪ್ಲೇಟಿನಿಂದ ಒಟ್ಟು ಭಾರ ಇಳಿಯದು, ಆದ್ದರಿಂದ ಕಾಲುಗಳು ಗೋಡೆ ಅಥವಾ ಬೀಮಿನ ಮೇಲೇ ಬರಲಿ.

ಪ್ರಶ್ನೆ: ಇಟ್ಟಿಗೆಯನ್ನು ಮಲಗಿಸಿದರೂ ನಿಲ್ಲಿಸಿದರೂ ತೂಕ ಒಂದೇ. ಒತ್ತಡ ಮಾತ್ರ ಹೇಗೆ ಬದಲಾಗುತ್ತದೆ? ನನ್ನ ಉತ್ತರ ಪ್ರತಿಸಲವೂ ತಪ್ಪು ಬರುತ್ತಿದೆ. (9ನೇ ತರಗತಿ)

ಉತ್ತರ: 3 ಕೆ.ಜಿ. ಇಟ್ಟಿಗೆ, ಅಳತೆ 23×11×7 ಸೆಂ.ಮೀ. ಎಂದುಕೊಳ್ಳಿ. ಒತ್ತಡ ಎಂದರೆ ಬಲವನ್ನು ತಳದ ವಿಸ್ತೀರ್ಣದಿಂದ ಭಾಗಿಸಿದ್ದು. ಬಲ 3×9.8, ಅಂದರೆ 29.4 ನ್ಯೂಟನ್. ಮಲಗಿಸಿದರೆ ತಳ 0.0253 ಚದರ ಮೀಟರ್, ಒತ್ತಡ ಸುಮಾರು 1,160 ಪಾಸ್ಕಲ್. ತುದಿಯ ಮೇಲೆ ನಿಲ್ಲಿಸಿದರೆ ತಳ 0.0077, ಒತ್ತಡ ಸುಮಾರು 3,820. ಬಲ ಅಷ್ಟೇ, ಹಂಚಿಕೊಳ್ಳುವ ಜಾಗ ಚಿಕ್ಕದು. ನೀವು ಎಡವುತ್ತಿರುವುದು ಬಹುಶಃ ವಿಸ್ತೀರ್ಣದಲ್ಲಿ: ಚದರ ಸೆಂಟಿಮೀಟರನ್ನು ಚದರ ಮೀಟರಿಗೆ ತರಲು 100ರಿಂದಲ್ಲ, 10,000ದಿಂದ ಭಾಗಿಸಬೇಕು. ಕೆ.ಜಿ.ಯನ್ನು ನ್ಯೂಟನ್‌ಗೆ ತಿರುಗಿಸಲು ಮರೆಯುವವರೂ ಬಹಳ.

ಪ್ರಶ್ನೆ: ಬಾವಿಯ ನೀರು 11 ಮೀಟರ್ ಆಳಕ್ಕೆ ಇಳಿದಿದೆ. ದಡದ ಮೇಲಿನ ಮೋಟಾರ್ ಎತ್ತುತ್ತಿಲ್ಲ. ಹೆಚ್ಚು ಎಚ್.ಪಿ.ಯದು ತರಬೇಕೇ?

ಉತ್ತರ: ತಂದರೂ ಎತ್ತದು. ಪಂಪು ನೀರನ್ನು ಎಳೆಯುವುದಿಲ್ಲ, ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಬಾವಿಯ ಮೇಲಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ತಳ್ಳು 10.3 ಮೀಟರಿಗೆ ಮುಗಿಯಿತು. ಬೆಂಗಳೂರಿನಂಥ 900 ಮೀಟರ್ ಎತ್ತರದಲ್ಲಿ 9.3ರ ಆಸುಪಾಸು. ಫುಟ್‌ವಾಲ್ವ್ (ಪೈಪಿನ ಬುಡದ ಕವಾಟ), ಕೀಲುಗಳ ಸೋರಿಕೆ, ಘರ್ಷಣೆ ಕಳೆದು 6–7 ಮೀಟರ್ ದಕ್ಕಿದರೆ ಪುಣ್ಯ. ಮೋಟಾರನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿ, ಇಲ್ಲವೇ ನೀರಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪು ಹಾಕಿಸಿ. ಅದು ಕೆಳಗಿನಿಂದ ತಳ್ಳುತ್ತದೆ, ಈ ಮಿತಿ ಅದಕ್ಕಿಲ್ಲ.