ಪ್ರತಿಕ್ರಿಯೆ: ಹದಿನಾಲ್ಕು ಮಾತ್ರೆ ಸರಿಯಿದ್ದರೂ ಭಾಮಿನಿ ಷಟ್ಪದಿ ಕುಂಟುವುದೇಕೆ?

ಭಾಮಿನಿ ಷಟ್ಪದಿಯೆಂಬ ಆರು ಸಾಲಿನ ಛಂದಸ್ಸಿನಲ್ಲಿ ಪದ್ಯ ಬರೆದು ಕಳಿಸಿದ್ದೀರಿ. ಅದರ ‘ಹಳ್ಳಿಯ ದಾರಿಯಲಿ ಮಳೆ ಬಂತು’ ಎಂಬ ಸಾಲಿನಲ್ಲಿ 14 ಮಾತ್ರೆಗಳಿವೆ (ಮಾತ್ರೆಯೆಂದರೆ ಅಕ್ಷರದ ಉಚ್ಚಾರಣೆಯ ಕಾಲದ ಅಳತೆ), ಈ ಛಂದಸ್ಸಿಗೆ ಬೇಕಾದಂತೆ 3-4-3-4 ಎಂದು ಒಡೆಯಲೂಬಹುದು. ಆದರೂ ಓದಿದರೆ ಎಡವುತ್ತದೆ ಎಂದಿದ್ದೀರಿ. ನಿಮ್ಮ ಕಿವಿ ಸರಿಯಾಗಿಯೇ ಇದೆ!

ಗಣ, ಅಂದರೆ ಮಾತ್ರೆಗಳ ಗುಂಪು, ಹಾಕಿ ನೋಡಿ: ಹಳ್ಳಿ | ಯ ದಾರಿ | ಯಲಿ ಮ | ಳೆ ಬಂತು. ಎರಡನೆಯ ಮತ್ತು ನಾಲ್ಕನೆಯ ಗಣಗಳು ಲಘುವಿನಿಂದ (ಒಂದು ಮಾತ್ರೆಯ ಅಕ್ಷರ) ಶುರುವಾಗಿ ತಕ್ಷಣ ಗುರುವಿಗೆ (ಎರಡು ಮಾತ್ರೆಯ ಅಕ್ಷರ) ಹಾರುತ್ತವೆ. ಷಟ್ಪದಿಯಲ್ಲಿ ಗಣದ ಮೊದಲಿಗೆ ಈ ಲಘು-ಗುರು ಜೋಡಿ ನಿಷಿದ್ಧ. ‘ಹಳ್ಳಿ ದಾರಿಯಲೊಮ್ಮೆ ಮಳೆ ಬರೆ’ ಎಂದು ತಾಳ ಹಾಕಿಕೊಂಡು ಓದಿ, ಸರಾಗವಾಗಿ ಸಾಗುತ್ತದೆ. ಛಂದಸ್ಸಿನ ನಿಯಮವೆಂದರೆ ಪಂಡಿತರ ಕಿರುಕುಳ ಎಂದು ನಾನೂ ಒಂದು ಕಾಲಕ್ಕೆ ಗೊಣಗಿದ್ದೆ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಓದು ಕೇಳುವ ತನಕ.

ಸಾಲಿನ ಕೊನೆಯಲ್ಲಿ ಪದ ಒಡೆಯಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ. ಕುಮಾರವ್ಯಾಸನ ಮೊದಲ ಪದ್ಯವನ್ನೇ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ…

‘ರಾಜೀವ’ ನಡುವೆಯೇ ತುಂಡಾಗಿದೆ, ‘ಅತಿಪಾವನ’ ಕೂಡ. ಹೀಗೆ ಒಡೆದದ್ದರಿಂದಲೇ ಮೂರೂ ಸಾಲುಗಳ ಎರಡನೆಯ ಅಕ್ಷರವಾಗಿ ‘ವ’ ಬಂದು ಆದಿಪ್ರಾಸ ಕೂಡಿಕೊಂಡಿದೆ. ಅರ್ಥ ಸಾಲಿಗೆ ನಿಲ್ಲದೆ ಮುಂದಕ್ಕೆ ಹರಿಯುತ್ತದೆ. ಸಾಲಿಗೊಂದು ವಾಕ್ಯ ಮುಗಿಸುವ ಹಟವನ್ನು ಮೊದಲು ಬಿಡಿ.

ಅಂದ ಹಾಗೆ, ಮೂರನೆಯ ಮತ್ತು ಆರನೆಯ ಸಾಲುಗಳಿಗೆ 3-4 ಮೂರು ಸಲ, ಕೊನೆಗೊಂದು ಗುರು: ಒಟ್ಟು 23 ಮಾತ್ರೆ. ನಿಮ್ಮ ಮೂರನೆಯ ಸಾಲಿನಲ್ಲಿ ಆ ಗುರು ಬಿಟ್ಟುಹೋಗಿದೆ.