ಹಳೆಯ ಕಂಪೈಲರ್‌ಗಳನ್ನು ಕೈಬಿಡುವ ಮುನ್ನ

ಪ್ರಶ್ನೆ: ನಮ್ಮ ಸಹಕಾರ ಸಂಘದ ಅಡಿಕೆ ತೂಕ, ದರ ಮತ್ತು ಸದಸ್ಯರ ಖಾತೆಗಳ ಸಾಫ್ಟ್‌ವೇರ್ ಸಿ ಪ್ಲಸ್ ಪ್ಲಸ್‌ನಲ್ಲಿದ್ದು, ಅದರ ನಿರ್ವಹಣೆ ಈಗ ನನ್ನ ಪಾಲಿಗೆ ಬಂದಿದೆ. ಬಿಲ್ಡ್ ಫೈಲ್‌ಗಳಲ್ಲಿಯೂ ಕೋಡ್‌ನಲ್ಲಿಯೂ ವಿಷುಯಲ್ ಸಿ ಪ್ಲಸ್ ಪ್ಲಸ್ 6, ಬೋರ್ಲ್ಯಾಂಡ್ ಕಂಪೈಲರ್, ವಿಂಡೋಸ್ 98 ಇವುಗಳಿಗಾಗಿ ಬರೆದ ಷರತ್ತುಗಳು (ಆಯಾ ಕಂಪೈಲರ್ ಅಥವಾ ವಿಂಡೋಸ್ ಇದ್ದಾಗ ಮಾತ್ರ ಅನ್ವಯಿಸುವ ಸಾಲುಗಳು) ತುಂಬಿವೆ. ನಾನು ಬಳಸುವುದು ವಿಷುಯಲ್ ಸ್ಟುಡಿಯೋ 2017. ಹೊಸನಗರದ ಕಡೆಯ ಶಾಖೆಯೊಂದರಲ್ಲಿ ಮಾತ್ರ ವಿಂಡೋಸ್ ಎಕ್ಸ್‌ಪಿ ಯಂತ್ರ ಇನ್ನೂ ನಡೆಯುತ್ತಿದೆ. ಹಳೆಯದನ್ನೆಲ್ಲ ಒಂದೇ ಬಾರಿಗೆ ತೆಗೆದುಬಿಡಬಹುದೇ?
– ಸಾಗರದ ಓದುಗರೊಬ್ಬರು

ಉತ್ತರ: ಒಂದೇ ಬಾರಿಗೆ ಬೇಡ. ಕಂಪೈಲರ್‌ನ (ಬರೆದ ಕೋಡನ್ನು ಪ್ರೋಗ್ರಾಂ ಆಗಿಸುವ ಸಾಧನದ) ಬೆಂಬಲವನ್ನು ತೆಗೆಯುವುದು ಬೇರೆ, ಪ್ಲಾಟ್‌ಫಾರ್ಮ್‌ನ (ಆ ಪ್ರೋಗ್ರಾಂ ನಡೆಯುವ ವಿಂಡೋಸ್‌ನಂಥ ವ್ಯವಸ್ಥೆಯ) ಬೆಂಬಲವನ್ನು ತೆಗೆಯುವುದು ಬೇರೆ. ಮೊದಲನೆಯದರ ಪರಿಣಾಮ ಕೋಡ್ ಕಂಪೈಲ್ ಮಾಡುವ ನಿಮಗಷ್ಟೇ ಸೀಮಿತ. ಎರಡನೆಯದರ ಪರಿಣಾಮ ಹೊಸನಗರದ ಶಾಖೆಯಲ್ಲಿ ರಸೀದಿ ಮುದ್ರಿಸುವ ಗುಮಾಸ್ತರನ್ನು ತಟ್ಟುತ್ತದೆ. ವಿಷುಯಲ್ ಸ್ಟುಡಿಯೋ 2017ರಲ್ಲಿ ಎಕ್ಸ್‌ಪಿಗೆಂದೇ ಇರುವ ಟೂಲ್‌ಸೆಟ್ಟನ್ನು (ಕಂಪೈಲ್ ಮಾಡುವ ಉಪಕರಣಗಳ ಗುಂಪನ್ನು) ಆಯ್ದುಕೊಂಡರೆ ಇಂದಿಗೂ ಆ ಯಂತ್ರದಲ್ಲಿ ನಡೆಯುವ ಪ್ರೋಗ್ರಾಂ ತಯಾರಾಗುತ್ತದೆಯಾದ್ದರಿಂದ, ವಿಷುಯಲ್ ಸಿ 6 ಮತ್ತು ಬೋರ್ಲ್ಯಾಂಡ್‌ಗಳನ್ನು ಕೈಬಿಡಲು ಎಕ್ಸ್‌ಪಿಯ ಅಳಿವು ಉಳಿವಿನ ತೀರ್ಮಾನಕ್ಕಾಗಿ ಕಾಯಬೇಕಾಗಿಲ್ಲ. ವಿಂಡೋಸ್ 98 ಯಾವ ಶಾಖೆಯಲ್ಲಿಯೂ ಇಲ್ಲವೆಂದು ವಿಚಾರಿಸಿ ಖಚಿತಪಡಿಸಿಕೊಂಡ ಮೇಲೆ ಅದನ್ನೂ ತೆಗೆಯಿರಿ.

ಬಳಕೆಯಲ್ಲಿಲ್ಲದ ಷರತ್ತು ಸುಮ್ಮನೆ ಬಿದ್ದಿರುತ್ತದೆ, ಅದರಿಂದೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟವಿದೆ. ಹೊಸದಾಗಿ ಬರೆಯುವ ಪ್ರತಿಯೊಂದು ಸಾಲನ್ನೂ ಅದಕ್ಕೆ ಹೊಂದಿಸಬೇಕಾಗುತ್ತದೆ, ಮತ್ತು ಯಾರೂ ಪರೀಕ್ಷಿಸದ ಬೆಂಬಲವನ್ನು ಬೆಂಬಲವೆಂದು ಕರೆಯುವುದೇ ತಪ್ಪು. ಲಿನಕ್ಸ್ 1991ರಲ್ಲಿ ಹುಟ್ಟಿದ್ದೇ 386 ಪ್ರೊಸೆಸರ್‌ನ ಮೇಲೆ. ಆದರೂ ಆ ಪ್ರೊಸೆಸರ್ ಪದೇ ಪದೇ ಹೆಚ್ಚುವರಿ ಕೆಲಸಕ್ಕೆ ಕಾರಣವಾಗುತ್ತಿದ್ದುದರಿಂದ 2013ರ 3.8 ಕರ್ನಲ್‌ನಲ್ಲಿ ಅದರ ಬೆಂಬಲವನ್ನು ತೆಗೆದುಹಾಕಲಾಯಿತು.

ಇನ್ನು ತೆಗೆಯುವ ಕ್ರಮ. ಬೋರ್ಲ್ಯಾಂಡ್‌ನ ಷರತ್ತುಗಳನ್ನು ಕೈಯಿಂದ ಅಳಿಸಬೇಡಿ. ಯುನಿಫ್‌ಡೆಫ್ ಎಂಬ ಉಪಕರಣಕ್ಕೆ ಬೋರ್ಲ್ಯಾಂಡ್ ಅನ್ನು ಗುರುತಿಸುವ ಮ್ಯಾಕ್ರೊ (ಕೋಡ್‌ನಲ್ಲಿ ಬಳಸುವ ಸಂಕೇತನಾಮ) ಇಲ್ಲವೆಂದು ತಿಳಿಸಿದರೆ ಅದಕ್ಕೆ ಸೇರಿದ ಸಾಲುಗಳನ್ನಷ್ಟೇ ಅದು ಕಿತ್ತುಹಾಕುತ್ತದೆ. ತೆಗೆದ ಜಾಗದಲ್ಲಿ ಖಾಲಿ ಸಾಲುಗಳನ್ನು ಬಿಡುವ ಆಯ್ಕೆಯೂ ಅದರಲ್ಲಿದೆ, ಮೊದಲ ಸುತ್ತಿನಲ್ಲಿ ಅದನ್ನೇ ಬಳಸಿ. ಆಗ ಸಾಲಿನ ಸಂಖ್ಯೆಗಳು ಬದಲಾಗದಿರುವುದರಿಂದ, ತೆಗೆಯುವ ಮುನ್ನ ಮತ್ತು ತೆಗೆದ ನಂತರ ತಯಾರಾದ ಯಂತ್ರಸಂಕೇತವನ್ನು ಡಂಪ್‌ಬಿನ್ ಎಂಬ ಉಪಕರಣದಿಂದ ಹೊರತೆಗೆದು ಹೋಲಿಸಿದಾಗ ವ್ಯತ್ಯಾಸವೇ ಕಾಣಬಾರದು. ಕಂಡರೆ, ಸತ್ತಿದೆಯೆಂದು ನೀವು ತಿಳಿದಿದ್ದ ಸಾಲೊಂದು ಜೀವಂತವಾಗಿತ್ತೆಂದು ಅರ್ಥ.

ವಿಷುಯಲ್ ಸಿ 6ರ ಷರತ್ತುಗಳಿಗೆ ಈ ಉಪಕರಣ ಸಾಲದು, ಏಕೆಂದರೆ ಅವು ಆವೃತ್ತಿಯ ಸಂಖ್ಯೆಯನ್ನು ಹೋಲಿಸುತ್ತವೆ (6ಕ್ಕೆ 1200, ವಿಷುಯಲ್ ಸ್ಟುಡಿಯೋ 2015ಕ್ಕೆ 1900, ಹೀಗೆ), ಉಪಕರಣಕ್ಕೆ ತಿಳಿಸಬಹುದಾದದ್ದು ಒಂದೇ ಸಂಖ್ಯೆ, ‘1900 ಮತ್ತು ಅದಕ್ಕಿಂತ ಮೇಲೆ’ ಎಂದಲ್ಲ. ಇವನ್ನು ಒಂದೊಂದಾಗಿ ಓದಿಯೇ ತೀರ್ಮಾನಿಸಬೇಕು. ಆ ಕಂಪೈಲರ್‌ನಲ್ಲಿ ಫಾರ್ ಲೂಪಿನೊಳಗೆ ಘೋಷಿಸಿದ ವೇರಿಯಬಲ್ ಲೂಪಿನ ಹೊರಗೂ ಉಳಿಯುತ್ತಿತ್ತು. ಅದನ್ನು ತಡೆಯಲು ‘ಫಾರ್’ ಎಂಬ ಪದವನ್ನೇ ಮ್ಯಾಕ್ರೊ ಮಾಡಿ, ಅದಕ್ಕೆ ಮೊದಲು ಒಂದು ‘ಇಫ್’ ಸೇರಿಸುವ ರೂಢಿಯಿತ್ತು. ನಿಮ್ಮ ಹೆಡರ್‌ಗಳಲ್ಲಿ ಅಂಥದು ಸಿಕ್ಕಿದರೆ ನಿಸ್ಸಂಕೋಚವಾಗಿ ತೆಗೆಯಿರಿ. ಕೊನೆಗೆ, 1900ಕ್ಕಿಂತ ಕೆಳಗಿನ ಕಂಪೈಲರ್ ಎದುರಾದಲ್ಲಿ ಸ್ಪಷ್ಟ ಸಂದೇಶ ಕೊಟ್ಟು ಬಿಲ್ಡ್ ನಿಲ್ಲಿಸುವ ಎರರ್ ನಿರ್ದೇಶನವೊಂದನ್ನು ಸೇರಿಸಿ, ಅನುಸ್ಥಾಪನೆಯ ಕೈಪಿಡಿಯನ್ನೂ ತಿದ್ದಿರಿ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಸದಸ್ಯರ ಖಾತೆಗಳನ್ನು ಅಂಥ ಯಂತ್ರದಲ್ಲಿಡುವುದು ಸರಿಯಲ್ಲವೆಂದು ಆಡಳಿತ ಮಂಡಳಿಗೆ ಬರಹದಲ್ಲಿ ತಿಳಿಸಿ. ಯಂತ್ರ ಬದಲಾದ ಮೇಲಷ್ಟೇ ಆ ಟೂಲ್‌ಸೆಟ್ಟನ್ನು ಬಿಲ್ಡ್‌ನಿಂದ ತೆಗೆಯಿರಿ, ಎಕ್ಸ್‌ಪಿಯ ಕೊನೆಯ ಆವೃತ್ತಿಯನ್ನು ಟ್ಯಾಗ್ ಮಾಡಿ (ಹೆಸರಿಟ್ಟು ಗುರುತಿಸಿ) ಅದರ ಇನ್‌ಸ್ಟಾಲರ್ ಸಹಿತ ತೆಗೆದಿಡಿ. ಈ ಬದಲಾವಣೆಯನ್ನು ಅಡಿಕೆಯ ಕೊನೆಕೊಯ್ಲಿನ ಗಡಿಬಿಡಿಯಲ್ಲಾಗಲಿ, ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಕೈಕೊಡುವ ಮಳೆಗಾಲದಲ್ಲಾಗಲಿ ಇಟ್ಟುಕೊಳ್ಳದೆ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಶಾಖೆಗೆ ಖುದ್ದಾಗಿ ಹೋಗಿ ಮುಗಿಸಿಕೊಂಡು ಬನ್ನಿ.